ಎರಡನೇ ಕೀಲಿ ಯಾರ ಹತ್ತಿರ?

ಫೆಬ್ರವರಿ 20

ಪ್ರೀತಿಯ ತಮ್ಮನಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳು. ದ್ವೀಪದ ಕೆಲಸಕ್ಕೆ ಹೊರಡುವ ಮುಂಚೆ ನಮ್ಮ ನಡುಕೋಣೆಯ ಗೋಡೆಗೆ ಆ ವೈಫೈ ಡಬ್ಬಿ ಜೋಡಿಸಿ, "ಅಕ್ಕಾ, ಇನ್ನು ಹತ್ತು ವರ್ಷ ಇದರ ಕಡೆ ತಿರುಗಿ ನೋಡ್ಬೇಡ" ಎಂದು ಎದೆ ತಟ್ಟಿಕೊಂಡು ಹೋದೆಯಲ್ಲ, ಅದಕ್ಕೆ ಏನೇನು ಮಾಡಿ ಹೋಗಿದ್ದೀಯ?

ಇವತ್ತು ಆಸ್ಪತ್ರೆಯ ದಾಖಲೆ ವಿಭಾಗದಿಂದ ನನಗೆ ನೋಟಿಸ್ ಬಂದಿದೆ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ನಮ್ಮ ಮನೆಯ ನೆಟ್ ಮೂಲಕ ಯಾವುದೋ ಪರಕೀಯ ಕಂಪ್ಯೂಟರ್ ಆಸ್ಪತ್ರೆಯ ದಾಖಲೆಗಳ ಬಾಗಿಲು ತಟ್ಟಿದೆಯಂತೆ. ಒಂದು ಸಲ ಅಲ್ಲ, ಎರಡು ಸಲ ಅಲ್ಲ, ನಾನೂರು ಸಲ. ಒಳಗೆ ಹೋಗಲು ಆಗಿಲ್ಲ, ಸದ್ಯ ಬಚಾವ್. ಆದರೆ ಇವತ್ತಿನಿಂದ ರೋಗಿಗಳ ವರದಿ ನನಗೆ ಕಳಿಸುವುದಿಲ್ಲ. ಸುತ್ತೋಲೆ, ಹಾಸಿಗೆ ಹೊದಿಕೆಗಳ ಪಟ್ಟಿ, ಇಂಥವನ್ನು ಟೈಪ್ ಮಾಡಿಕೊಂಡಿರಬೇಕು. ಮಾರ್ಚ್ 30ಕ್ಕೆ ತಪಾಸಣೆಯ ಅಧಿಕಾರಿ ಮನೆಗೇ ಬರುತ್ತಾರೆ. ನೆಟ್ ಭದ್ರವಾಗಿದೆ ಎಂದು ಅವರಿಗೆ ಅನ್ನಿಸಿದರೆ ಸರಿ, ಇಲ್ಲದಿದ್ದರೆ ನನ್ನ ಕೆಲಸ ಅವತ್ತಿಗೇ ಮುಗಿಯಿತು.

ನಿನಗೆ ಗೊತ್ತಲ್ಲ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಾಲಡಿಯ ಪೆಡಲ್ ಒತ್ತುತ್ತಾ, ಡಾಕ್ಟರು ರೆಕಾರ್ಡ್ ಮಾಡಿ ಕಳಿಸಿದ್ದನ್ನು ಮನೆಯಲ್ಲೇ ಕೂತು ಒಂದಕ್ಷರ ಬಿಡದೆ ಟೈಪ್ ಮಾಡುವವಳು ನಾನು. ಯಾರಿಗೆ ಯಾವ ಕಾಯಿಲೆ ಎಂದು ನಿನ್ನ ಭಾವನ ಮುಂದೆ ಕೂಡ ಒಂದು ದಿನ ಬಾಯಿ ಬಿಟ್ಟವಳಲ್ಲ. ಹಿಂದಿನ ಬೀದಿಯವರ ವರದಿ ಟೈಪ್ ಮಾಡಿ, ಮಾರನೇ ದಿನ ಅವರೇ ತರಕಾರಿ ಅಂಗಡಿಯಲ್ಲಿ ಸಿಕ್ಕಾಗ "ಏನ್ರೀ, ಹೇಗಿದ್ದೀರಿ?" ಎಂದು ಏನೂ ಅರಿಯದವಳ ಹಾಗೆ ನಕ್ಕಿದ್ದೇನೆ. ಅಂಥ ನನ್ನ ಮನೆಯಿಂದ ಗುಟ್ಟು ಸೋರುತ್ತದೆ ಎಂದು ಬರೆದಿದ್ದಾರೆ ಕಣೋ.

ನಿನ್ನ ಹವಾಮಾನ ಕೇಂದ್ರಕ್ಕೆ ಫೋನಿಲ್ಲ, ವಾರಕ್ಕೊಂದೇ ದೋಣಿ. ಕಾಗದ ಕಂಡ ತಕ್ಷಣ ಉತ್ತರ ಬರಿ. ಮನೆಯಲ್ಲಿರುವುದು ಎರಡೇ ಲ್ಯಾಪ್‌ಟಾಪ್, ಆಫೀಸಿನವರು ನನಗೆ ಕೊಟ್ಟದ್ದೊಂದು, ನಿನ್ನ ಭಾವ ಮನೆಗಳ ನಕ್ಷೆ ಬರೆಯುವ ಹಳೆಯದೊಂದು. ಮೂರನೆಯದು ಎಲ್ಲಿಂದ ಬಂತು?

ಇತಿ,
ನಿದ್ದೆಗೆಟ್ಟ ಅಕ್ಕ


ಫೆಬ್ರವರಿ 27

ಅಕ್ಕನಿಗೆ ನಮಸ್ಕಾರ,

ದೋಣಿ ದಡದಲ್ಲಿ ನಿಂತಿದೆ. ಸಾಮಾನು ಇಳಿಸಿ ಮುಗಿಸುವಷ್ಟರಲ್ಲಿ ಈ ಕಾಗದ ಬರೆದು ಕೊಡಬೇಕು, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಮೊದಲು ಗಾಬರಿ ಬಿಡು. ನಾನಿಲ್ಲಿ ಗಾಳಿ ಅಳೆಯುವ ಎಂಟು ಕಂಬಗಳ ವೈರಿಂಗ್ ಒಬ್ಬನೇ ನೋಡಿಕೊಳ್ಳುತ್ತಿದ್ದೇನೆ, ನಿನ್ನ ಡಬ್ಬಿ ಯಾವ ಲೆಕ್ಕ? ನಾನು ಇಟ್ಟ ಪಾಸ್‌ವರ್ಡನ್ನು ಯಾರಪ್ಪನ ಕೈಲೂ ಊಹಿಸಲು ಸಾಧ್ಯವಿಲ್ಲ. ಅಪ್ಪನ ಬೀಗದ ಅಂಗಡಿಯಲ್ಲಿ ಹುಟ್ಟಿ ಬೆಳೆದವರು ನಾವು, ನಮ್ಮ ಮನೆಗೇ ಕಳ್ಳ ನುಗ್ಗುತ್ತಾನಾ? ನಿಮ್ಮ ಆಫೀಸಿನವರ ಲೆಕ್ಕವೇ ಎಲ್ಲೋ ತಪ್ಪಿರಬೇಕು.

ಆದರೂ ನಿನ್ನ ಸಮಾಧಾನಕ್ಕೆ ಒಂದು ಉಪಾಯ ಹೇಳುತ್ತೇನೆ. ಡಬ್ಬಿಯ ಬೆನ್ನಿನಲ್ಲಿ ಸೂಜಿಯ ಮೊನೆಯಷ್ಟು ಒಂದು ತೂತಿದೆ. ಅದಕ್ಕೆ ಪಿನ್ ಚುಚ್ಚಿ ನಿಧಾನವಾಗಿ ಹತ್ತು ಎಣಿಸು. ದೀಪಗಳೆಲ್ಲ ಆರಿ ಮತ್ತೆ ಹೊತ್ತುತ್ತವೆ. ಒಳಗಿನ ಕೊಳೆಯೆಲ್ಲ ಹೋಗಿ ಡಬ್ಬಿ ಹೊಸದಾಗುತ್ತದೆ. ಆಮೇಲೆ ಪಾಸ್‌ವರ್ಡ್ ಇಟ್ಟು, ಎರಡು ಲ್ಯಾಪ್‌ಟಾಪಿಗೂ ಕೊಟ್ಟರೆ ಮುಗಿಯಿತು. ಐದು ನಿಮಿಷದ ಕೆಲಸಕ್ಕೆ ಯಾಕೆ ತಲೆ ಬಿಸಿ ಮಾಡಿಕೊಳ್ಳುತ್ತೀಯ?

ಅಂದ ಹಾಗೆ, ಕೆಳಗಿನ ಟೈಲರಮ್ಮ ಹೇಗಿದ್ದಾರೆ? ಅಂಗಡಿ ಚೆನ್ನಾಗಿ ನಡೆಯುತ್ತಿದೆಯಾ? ಗಿರಾಕಿಗಳು ಬಂದರೆ ತುಂಬ ಹೊತ್ತು ಕೂರುತ್ತಾರಾ? ಸುಮ್ಮನೆ ಕೇಳಿದೆ, ಬೇರೇನಿಲ್ಲ. ನಾನು ಕೇಳಿದೆ ಎಂದು ಅವರಿಗೆ ಹೇಳಬೇಡ.

ಇತಿ,
ನಿನ್ನ ತಮ್ಮ


ಮಾರ್ಚ್ 1

ಅಕ್ಕಾ,

ಪಿನ್ ಚುಚ್ಚಬೇಡ!

ದೋಣಿ ಹೋಗಿ ಎರಡು ದಿನವಾದ ಮೇಲೆ, ಊಟಕ್ಕೆ ಕೂತಾಗ ಹೊಳೆಯಿತು, ತಟ್ಟೆ ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ. ನೆಟ್ ಕಂಪನಿಯವರು ಕೊಟ್ಟ ಬಳಕೆದಾರರ ಹೆಸರು ಮತ್ತು ಗುರುತಿನ ಅಂಕಿ ಆ ಡಬ್ಬಿಯ ಒಳಗಿದೆ. ಪಿನ್ ಚುಚ್ಚಿದರೆ ಕೊಳೆಯ ಜೊತೆ ಅದೂ ಅಳಿಸಿಹೋಗುತ್ತದೆ, ಮನೆಯಲ್ಲಿ ನೆಟ್ಟೇ ಇರುವುದಿಲ್ಲ. ಮೊದಲು ಅದನ್ನು ಬರೆದಿಟ್ಟುಕೋ. ಮುಂದಿನ ದೋಣಿ ಬರುವುದು ಮಾರ್ಚ್ 6ಕ್ಕೆ. ಅಷ್ಟರಲ್ಲಿ ನೀನು ಚುಚ್ಚಿರುವುದಿಲ್ಲ ಎಂದು ನಂಬಿದ್ದೇನೆ. ನೀನು ಯಾವತ್ತೂ ನನ್ನ ಮಾತು ಕೇಳಿದವಳಲ್ಲ, ಇದೊಂದು ಸಲವೂ ಕೇಳದೆ ಇರು ಮಾರಾಯ್ತಿ.

ತಮ್ಮ


ಮಾರ್ಚ್ 5

ಮಹಾ ಮೇಧಾವಿ ತಮ್ಮನಿಗೆ,

ಚುಚ್ಚಿದೆ ಕಣೋ. ನಿನ್ನ ಕಾಗದ ಕೈಗೆ ಬಂದ ಹತ್ತು ನಿಮಿಷದೊಳಗೆ, ಸೀರೆಗೆ ಹಾಕುವ ಪಿನ್ನನ್ನೇ ನೆಟ್ಟಗೆ ಮಾಡಿ, ನೀನು ಹೇಳಿದಂತೆ ಭಯಭಕ್ತಿಯಿಂದ ಹತ್ತು ಎಣಿಸಿದೆ. ಡಬ್ಬಿ ಹೊಸದಾಯಿತು. ಎಷ್ಟು ಹೊಸದೆಂದರೆ, ಅದಕ್ಕೆ ನೆಟ್ ಎಂಬುದೊಂದು ಇದೆ ಎಂದೇ ಗೊತ್ತಿಲ್ಲದಷ್ಟು. ಎರಡು ದಿನ ನಾನು ಆಫೀಸಿಗೆ ಸತ್ತವಳ ಹಾಗಿದ್ದೆ. ಹಾಸಿಗೆ ಹೊದಿಕೆಗಳ ಪಟ್ಟಿಯನ್ನೂ ಕಳಿಸಲಾಗಲಿಲ್ಲ. "ಇವರ ಮನೆಯ ವ್ಯವಸ್ಥೆ ನಂಬುವಂತಿಲ್ಲ" ಎಂದು ನನ್ನ ಕಡತದಲ್ಲಿ ಇನ್ನೊಂದು ಸಾಲು ಸೇರಿದೆ. ನೀನು ಎದುರಿಗಿದ್ದಿದ್ದರೆ ಅದೇ ಪಿನ್ನಿನಿಂದ ಇನ್ನೊಂದು ಕಡೆ ಚುಚ್ಚುತ್ತಿದ್ದೆ.

ಕಡೆಗೆ ನೆಟ್ ಕಂಪನಿಗೆ ಫೋನ್ ಮಾಡಿದೆ. ಅಲ್ಲಿ ಒಬ್ಬ ಹೆಂಗಸು ಸಿಕ್ಕಳು, ತಾಳ್ಮೆ ಎಂದರೆ ಅವಳದು. ಒಂದು ಗಂಟೆ ಫೋನಿನಲ್ಲೇ ನನ್ನ ಜೊತೆ ಕೂತಳು. ಡಬ್ಬಿಯ ಬೆನ್ನಿನ ಚೀಟಿಯಲ್ಲಿರುವ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ಹೊಡೆದರೆ ಡಬ್ಬಿಯದೇ ಒಂದು ಪುಟ ತೆರೆಯುತ್ತದಂತೆ. ತೆರೆಯಿತು! ಅದರೊಳಗೆ ಡಬ್ಬಿಯ ಹೊಟ್ಟೆಯಲ್ಲಿರುವುದೆಲ್ಲ ಕಾಣುತ್ತದೆ. ಹತ್ತು ವರ್ಷ ತಿರುಗಿ ನೋಡಬೇಡ ಎಂದಿದ್ದೆಯಲ್ಲ, ತಿರುಗಿ ನೋಡಲು ಅಷ್ಟೊಂದು ಇತ್ತು.

ನೆಟ್ ಬಂದ ಮೇಲೆ ಅದಕ್ಕೆ ಹೆಸರು, ಪಾಸ್‌ವರ್ಡ್ ಇಡಬೇಕಲ್ಲ. ನಿನ್ನ ಭಾವ, "ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಇಡು, ಎರಡು ಲ್ಯಾಪ್‌ಟಾಪಿಗೂ ಅದೇ ಗೊತ್ತಿದೆ, ತಂತಾನೇ ಸೇರ್ಕೊಳ್ತವೆ" ಎಂದರು. ಸರಿ ಎಂದು ಹಳೆಯದನ್ನೇ ಇಟ್ಟೆ. ಸೇರಿಕೊಂಡವು. ಎರಡಲ್ಲ ಕಣೋ, ಸೇರಿದವರ ಪಟ್ಟಿ ಎನ್ನುವ ಪುಟದಲ್ಲಿ ನೋಡುತ್ತಿದ್ದ ಹಾಗೆ ಮೂರು, ಐದು, ಒಂಬತ್ತು, ಕಾಲು ಗಂಟೆಯಲ್ಲಿ ಹದಿನಾಲ್ಕು! ಬಾಗಿಲು ತೆಗೆಯುವುದನ್ನೇ ಹೊರಗೆ ಕಾಯುತ್ತಾ ನಿಂತವರ ಹಾಗೆ ಬಂದವು. ಓಡಿ ಹೋಗಿ ಪ್ಲಗ್ ಕಿತ್ತೆ.

ಅಂದರೆ ನಮ್ಮ ಪಾಸ್‌ವರ್ಡ್ ಯಾರೂ ಊಹಿಸಿಲ್ಲ, ಯಾರೋ ಕೊಟ್ಟಿದ್ದಾರೆ. ಒಂದೆರಡರ ವಿಷಯ ನನಗೆ ಅಂದಾಜಿದೆ, ಅದು ಬಿಡು. ಉಳಿದವು? ಪಾಸ್‌ವರ್ಡ್ ಬದಲಾಯಿಸುವುದು ದೊಡ್ಡದಲ್ಲ. ಆದರೆ ಕಳ್ಳ ಯಾವ ಕಡೆಯಿಂದ ಬಂದ ಎಂದು ತಿಳಿಯದೆ ಬೀಗ ಬದಲಾಯಿಸಿದರೆ ಹೊಸ ಬೀಗದ ಗತಿಯೂ ಅಷ್ಟೇ. ಅಪ್ಪ ಗಿರಾಕಿಗಳಿಗೆ ಹೇಳುತ್ತಿದ್ದದ್ದು ಇದೇ ತಾನೆ? ಅಲ್ಲಿಯವರೆಗೆ ಕೆಲಸದ ಹೊತ್ತು ಬಿಟ್ಟರೆ ಪ್ಲಗ್ ನನ್ನ ಕೈಯಲ್ಲೇ ಇರುತ್ತದೆ.

ಇನ್ನು ನಿನ್ನ ಇನ್ನೊಂದು ವಿಷಯ. ಟೈಲರಮ್ಮನ ಬಗ್ಗೆ "ಸುಮ್ಮನೆ ಕೇಳಿದೆ" ಎಂದಿದ್ದೀಯ. ನಾನು ನಿನ್ನ ಅಕ್ಕ ಕಣೋ, ಸಾಲಿನ ನಡುವೆ ಏನಿದೆ ಎಂದು ಗೊತ್ತಾಗುವುದಿಲ್ಲವಾ? ನಿನ್ನ ನಲವತ್ತೊಂದು ಏನು ದೊಡ್ಡ ವಯಸ್ಸಲ್ಲ. ಅವರೂ ಒಂಟಿ, ಕೈಯಲ್ಲಿ ಕಸುಬಿದೆ, ಮಾತು ನೇರ. ಗಿರಾಕಿಗಳು ತುಂಬ ಹೊತ್ತು ಕೂರುತ್ತಾರಾ ಎಂದು ಹೊಟ್ಟೆಕಿಚ್ಚು ಬೇಡ, ಬರುವವರೆಲ್ಲ ಹೆಂಗಸರೇ. ನೀನು ಹೂಂ ಅಂದರೆ ನಾನೇ ಮಾತೆತ್ತುತ್ತೇನೆ.

ಇತಿ,
ಅಕ್ಕ


ಮಾರ್ಚ್ 13

ಅಕ್ಕನಿಗೆ ಅಡ್ಡಬಿದ್ದು ನಮಸ್ಕಾರ,

ಮಾತೆತ್ತಬೇಡ! ದಮ್ಮಯ್ಯ, ಕೆಳಗೆ ಹೋಗಿ ಏನನ್ನೂ ಹೇಳಬೇಡ. ನಿನ್ನ ಕಾಗದ ಓದುತ್ತಾ ಕಿವಿಯೆಲ್ಲ ಕೆಂಪಾಯಿತು. ಪಕ್ಕದಲ್ಲಿದ್ದ ಅಡುಗೆಯವನು ಜ್ವರ ಬಂತಾ ಎಂದು ಹಣೆ ಮುಟ್ಟಿ ನೋಡಿದ.

ಪ್ರೀತಿಯಲ್ಲ ಅಕ್ಕಾ, ಭಯ. ಹೇಳಿಬಿಡುತ್ತೇನೆ, ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಅಪ್ಪ ಯಾವ ಮನೆಗೆ ಬೀಗ ಹಾಕಿದರೂ ಕೊನೆಗೆ ಒಂದು ಮಾತು ಹೇಳುತ್ತಿದ್ದರಲ್ಲ, "ಎರಡನೇ ಕೀಲಿ ಮನೇಲಿ ಇಟ್ಕೋಬೇಡಿ, ನಂಬಿಕಸ್ತ ನೆರೆಯವರ ಹತ್ರ ಕೊಡಿ" ಎಂದು. ನಮ್ಮ ಮನೆಯ ಎರಡನೇ ಕೀಲಿ ಯಾವತ್ತೂ ಪಕ್ಕದ ಮನೆಯಲ್ಲೇ ಇರುತ್ತಿತ್ತು. ನಾನು ಡಬ್ಬಿ ಜೋಡಿಸಿದ ದಿನ ನೀನು ಬ್ಯಾಂಕಿಗೆ ಹೋಗಿದ್ದೆ. ನಾನೋ ದ್ವೀಪಕ್ಕೆ ಹೊರಟವನು, ನೀನು ಮರೆತರೆ ಯಾರನ್ನು ಕೇಳುತ್ತೀಯ ಎಂದು ಯೋಚಿಸಿ, ಪಾಸ್‌ವರ್ಡನ್ನೂ ಡಬ್ಬಿಯ ಒಳಪುಟ ತೆರೆಯುವ ಪದವನ್ನೂ ಒಂದು ಚೀಟಿಯಲ್ಲಿ ಬರೆದು ಟೈಲರಮ್ಮನಿಗೆ ಕೊಟ್ಟು ಬಂದೆ. "ಜೋಪಾನ" ಎಂದು ಹೇಳಿಯೂ ಹೇಳಿದ್ದೆ.

ನಿನ್ನ ಮೊದಲ ಕಾಗದ ಓದಿದಾಗಲೇ ನೆನಪಾಗಿತ್ತು. ಬರೆಯಲು ಧೈರ್ಯ ಬರಲಿಲ್ಲ. ಗಿರಾಕಿಗಳು ತುಂಬ ಹೊತ್ತು ಕೂರುತ್ತಾರಾ ಎಂದು ಕೇಳಿದ್ದು ಅದಕ್ಕೇ. ಎಲ್ಲಾದರೂ ಆ ಚೀಟಿ ಅವರ ಕಣ್ಣಿಗೆ ಬಿದ್ದಿದ್ದರೆ? ನನ್ನ ಅತಿ ಬುದ್ಧಿವಂತಿಕೆಯಿಂದ ನಿನ್ನ ಇಪ್ಪತ್ತೆರಡು ವರ್ಷದ ಹೆಸರಿಗೆ ಮಸಿ ಬಿದ್ದರೆ ನಾನು ಈ ದ್ವೀಪದಿಂದ ವಾಪಸ್ಸೇ ಬರುವುದಿಲ್ಲ, ಇಲ್ಲೇ ಗಾಳಿ ಅಳೆದುಕೊಂಡು ಇದ್ದುಬಿಡುತ್ತೇನೆ. ಬೈದು ಒಂದು ಕಾಗದ ಬರಿ. ಬೈಗುಳ ಎಷ್ಟಿದ್ದರೂ ಪರವಾಗಿಲ್ಲ, ಉತ್ತರ ಮಾತ್ರ ಬರಲಿ.

ನಿನ್ನ ದಡ್ಡ ತಮ್ಮ


ಮಾರ್ಚ್ 22

ತಮ್ಮನಿಗೆ,

ಒಂದು ದೋಣಿಯನ್ನು ಬೇಕೆಂದೇ ತಪ್ಪಿಸಿದೆ. ಕೋಪ ಅರ್ಧ, ಕೆಲಸ ಅರ್ಧ.

ನಿನ್ನ ತಪ್ಪೊಪ್ಪಿಗೆ ಬರುವ ಮುಂಚೆಯೇ ಚೀಟಿ ನನ್ನ ಕೈಗೆ ಸಿಕ್ಕಿತ್ತು. ರವಿಕೆಯ ಅಳತೆ ಕೊಡಲು ಕೆಳಗೆ ಹೋಗಿದ್ದೆ. ಬಟ್ಟೆ ಹಾಕಿ ನೋಡುವ ಕೋಣೆಯ ಪರದೆ ಸರಿಸಿದರೆ, ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಿದೆ, ನಿನ್ನ ದುಂಡು ಅಕ್ಷರ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀಯ! "ಏನಮ್ಮಾ ಇದು?" ಎಂದರೆ ಟೈಲರಮ್ಮ, "ನಿಮ್ಮ ತಮ್ಮ ಜೋಪಾನ ಅಂದ್ರು, ಕಳೆದುಹೋಗದ ಜಾಗ ಇದೊಂದೇ. ಕಾಯೋರಿಗೆ ಬೇಜಾರಾಗಲ್ಲ ಅಂತ ಗಿರಾಕಿಗಳಿಗೂ ಹೇಳ್ತೀನಿ" ಎಂದರು. ಅವರ ಮನಸ್ಸಿನಲ್ಲಿ ಒಂದು ಚೂರೂ ಕಪಟವಿಲ್ಲ. ಕಸೂತಿ ಮಾದರಿ ಇಳಿಸಿಕೊಳ್ಳಲು ಅವರು ಇಟ್ಟಿರುವ ಹಳೆಯ ಕಂಪ್ಯೂಟರನ್ನು ತೆಗೆಸಿ ವೈರಸ್ ಹುಡುಕುವ ಕೆಲಸಕ್ಕೆ ಹಚ್ಚಿದೆ. ಅಬ್ಬಾ, ಇರುವೆ ಗೂಡಿಗೆ ಕೈ ಹಾಕಿದ ಹಾಗಾಯಿತು. ಪುಕ್ಕಟೆ ಮಾದರಿಗಳ ಜೊತೆ ವೈರಸ್ಸುಗಳೂ ಬಂದು ಕೂತಿದ್ದವು. ಆಸ್ಪತ್ರೆಯ ಬಾಗಿಲು ನಾನೂರು ಸಲ ತಟ್ಟಿದ್ದು ಆ ಕಂಪ್ಯೂಟರೇ.

ನಿನ್ನನ್ನು ಬೈಯಲು ಎರಡು ಹಾಳೆ ಬರೆದೆ. ಆಮೇಲೆ ಹರಿದೆ. ಯಾಕೆ ಗೊತ್ತಾ? ನಾನೂ ಕೊಟ್ಟಿದ್ದೆ.

ಮೇಲಿನ ಮನೆಯ ಲೆಕ್ಕದ ಮೇಷ್ಟ್ರಿಗೆ. ನೀನು ಹೋದ ವಾರವೇ. ನಮಗೇನಾದರೂ ಆದರೆ ಇನ್ನೊಬ್ಬರಿಗೆ ಗೊತ್ತಿರಲಿ ಎಂದು, ಅಪ್ಪನ ಅದೇ ಮಾತು ತಲೆಯಲ್ಲಿತ್ತು. ಮೇಷ್ಟ್ರು ಪಾಠಕ್ಕೆ ಬರುವ ಮಕ್ಕಳಿಗೆಲ್ಲ ಕೊಟ್ಟಿದ್ದಾರೆ, ಬೋರ್ಡಿನ ಮೂಲೆಯಲ್ಲಿ ಬರೆದು! ಕಳೆದ ಕಾಗದದಲ್ಲಿ "ಅದು ಬಿಡು" ಎಂದು ಜಾರಿಕೊಂಡದ್ದು ಇದಕ್ಕೇ. ರೋಗಿಗಳ ಗುಟ್ಟು ಕಾಪಾಡುವವಳು ಎಂದು ಉದ್ದಕ್ಕೆ ಬರೆದಿದ್ದೆನಲ್ಲ, ನಾಚಿಕೆಯಾಗುತ್ತದೆ. ಇದು ಕೀಲಿಯಲ್ಲ ಕಣೋ, ಮಾತು. ಕೀಲಿಯನ್ನಾದರೆ ವಾಪಸ್ ಕೇಳಿ ಇಸಿದುಕೊಳ್ಳಬಹುದು, ಹೇಳಿದ ಮಾತನ್ನು ಹೇಗೆ ಇಸಿದುಕೊಳ್ಳುವುದು? ಮನೆಯ ಬಾಗಿಲಿನ ಎರಡನೇ ಕೀಲಿ ಈಗಲೂ ಮೇಷ್ಟ್ರ ಹತ್ತಿರವೇ ಇದೆ, ಅದಿರಲಿ. ಇದನ್ನು ಮಾತ್ರ ಇನ್ನು ಯಾರಿಗೂ ಕೊಡುವುದಿಲ್ಲ.

ಐದು ದಿನ ಪಟ್ಟು ಹಿಡಿದು ಕೂತೆ. ಡಬ್ಬಿಯ ಒಳಪುಟ ತೆರೆಯುವ ಪದವನ್ನು ಮೊದಲು ಬದಲಾಯಿಸಿದೆ. ಆಮೇಲೆ ಹೆಸರು. "ಮೂರನೇ ಮಹಡಿ ಅಕ್ಕನ ಮನೆ" ಎಂದು ವಿಳಾಸ ಸಮೇತ ಇಟ್ಟು ಹೋಗಿದ್ದೆ ಪುಣ್ಯಾತ್ಮ. ಈಗ ಅದರ ಹೆಸರು "ಖಾಲಿ ಡಬ್ಬಿ". ಪಾಸ್‌ವರ್ಡ್ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ, ನನ್ನ ತಲೆಯಲ್ಲಿ ಬಿಟ್ಟರೆ ಎಲ್ಲೂ ಬರೆದಿಲ್ಲ. ಗುಂಡಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೇ ಸೇರಿಕೊಳ್ಳುವ ವ್ಯವಸ್ಥೆಯೊಂದಿತ್ತು, ಅದನ್ನು ಆರಿಸಿದೆ. ಡಬ್ಬಿಯ ಸಾಫ್ಟ್‌ವೇರ್ ಮೂರು ವರ್ಷ ಹಳೆಯದು, ಅದಕ್ಕೆ ಅಪ್‌ಡೇಟ್ ಹಾಕಿದೆ. ಬಂದುಹೋಗುವವರಿಗೆ ಬೇರೆಯೇ ಒಂದು ಗೆಸ್ಟ್ ನೆಟ್‌ವರ್ಕ್ ಮಾಡಿದೆ. ಅದರಲ್ಲಿ ಸೇರಿದವರಿಗೆ ನಮ್ಮ ಲ್ಯಾಪ್‌ಟಾಪ್ ಕಾಣುವುದೇ ಇಲ್ಲ, ಬೇಕಾದಾಗ ಮಾತ್ರ ತೆರೆಯುತ್ತೇನೆ.

ನನ್ನ ಲ್ಯಾಪ್‌ಟಾಪ್ ಒಂದೇ ಏಟಿಗೆ ಸೇರಿತು. ನಿನ್ನ ಭಾವನದು ಮಾತ್ರ ಸುತರಾಂ ಒಪ್ಪಲಿಲ್ಲ. ಹೊಸ ಬಗೆಯ ಭದ್ರತೆ ಅದಕ್ಕೆ ತಲೆಗೇ ಹತ್ತುವುದಿಲ್ಲ. "ಬಿಡೆ, ಹಳೇ ಥರಾನೇ ಇಡು" ಎಂದು ಇವರ ರಾಗ. ಹಳೇ ಥರ ಇಟ್ಟು ಅನುಭವಿಸಿದ್ದು ಸಾಲದಾ ಎಂದು ಗದರಿದೆ. ಬಾಕಿಯಿದ್ದ ಅಪ್‌ಡೇಟುಗಳನ್ನೆಲ್ಲ ಒಂದೊಂದಾಗಿ ಹಾಕಿದೆ, ಬೆಳಗ್ಗೆ ಕೂತವಳು ಸಂಜೆ ಎದ್ದೆ. ಸೇರಿತು! ಇವರು ಹೋಗಿ ನನಗೆ ಟೀ ಮಾಡಿಕೊಂಡು ಬಂದರು.

ಟೈಲರಮ್ಮ ಮುನಿಸಿಕೊಂಡಿದ್ದಾರೆ. "ಇಷ್ಟು ದಿನ ಕೊಟ್ಟು ಈಗ ಕಿತ್ಕೊಳ್ತೀರಾ?" ಎಂದರು. ಮೇಷ್ಟ್ರು ಮೆಟ್ಟಿಲಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಆದರೂ ಜಗ್ಗಲಿಲ್ಲ. ತಪಾಸಣೆಗೆ ಇನ್ನು ಎಂಟು ದಿನ. ಪಟ್ಟಿಯಲ್ಲಿ ಈಗ ಎರಡೇ ಹೆಸರು. ದಿನಕ್ಕೆ ಹತ್ತು ಸಲ ತೆರೆದು ಎಣಿಸುತ್ತೇನೆ. ಎರಡೇ.

ಇತಿ,
ಅಕ್ಕ


ಮಾರ್ಚ್ 27

ಅಕ್ಕನಿಗೆ ನಮಸ್ಕಾರ,

ಕಳೆದ ದೋಣಿಯಲ್ಲಿ ನಿನ್ನ ಕಾಗದವಿಲ್ಲದೆ ವಾರವಿಡೀ ಅನ್ನ ಸೇರಲಿಲ್ಲ. ಇವತ್ತು ಸಿಕ್ಕಿತು. ನೀನೂ ಕೊಟ್ಟಿದ್ದೆ ಎಂದು ಓದಿ ಮೊದಲು ನಕ್ಕೆ, ಆಮೇಲೆ ಕಣ್ಣು ಒದ್ದೆಯಾಯಿತು. ಅಪ್ಪ ಇದ್ದಿದ್ದರೆ ಇಬ್ಬರ ಕಿವಿಯನ್ನೂ ಹಿಂಡುತ್ತಿದ್ದರು.

ಈ ಕಾಗದ ತಪಾಸಣೆಯ ದಿನವೇ ನಿನ್ನ ಕೈ ಸೇರಬಹುದು. ಒಂದೇ ಒಂದು ಮಾತು ಹೇಳುತ್ತೇನೆ. ಬರುವವರು ಮೇಲಿನವರು, ನಿನ್ನ ಕೆಲಸ ಅವರ ಪೆನ್ನಿನ ತುದಿಯಲ್ಲಿದೆ. ನಿನ್ನ ಸಿಟ್ಟು ಗೊತ್ತಿದ್ದೇ ಹೇಳುತ್ತಿದ್ದೇನೆ, ಎದುರು ಮಾತಾಡಬೇಡ. ಅವರು ಏನು ಕೇಳಿದರೂ ಇಲ್ಲ ಎನ್ನದೆ ಕೊಟ್ಟುಬಿಡು. ಇದೊಂದು ದಿನ ತಗ್ಗಿ ಬಗ್ಗಿ ನಡೆದುಕೋ.

ಈ ಕೇಂದ್ರದಲ್ಲಿರುವ ನಾವು ಏಳೂ ಜನ ಕಾಯುತ್ತಿದ್ದೇವೆ. ನಿನ್ನ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠವಾಗಿದೆ.

ತಮ್ಮ


ಮಾರ್ಚ್ 31

ತಮ್ಮಾ,

ಗೆದ್ದೆ ಕಣೋ!

ಮೊದಲಿನಿಂದ ಹೇಳುತ್ತೇನೆ. ನಿನ್ನ ಕಾಗದ ನಿನ್ನೆ ಬೆಳಗ್ಗೆ ಹತ್ತಕ್ಕೆ ಬಂತು, ಅಧಿಕಾರಿ ಹನ್ನೊಂದಕ್ಕೆ ಬಂದರು. ದಪ್ಪ ಕನ್ನಡಕ, ತೆಳ್ಳನೆಯ ಮನುಷ್ಯ, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಟೀ ಕೊಡಲಾ ಎಂದರೆ "ಕೆಲಸ ಆಗ್ಲಿ" ಎಂದರು. ಊಟದ ಮೇಜಿನ ಮೇಲೆ ತಮ್ಮ ಲ್ಯಾಪ್‌ಟಾಪ್ ಇಟ್ಟು ಶುರು ಮಾಡಿದರು. ನನ್ನ ಹಳೆಯ ಪಾಸ್‌ವರ್ಡ್ ಅವರಿಗೆ ಗೊತ್ತಿತ್ತು! ಬರುವಾಗ ಕೆಳಗಿನ ಅಂಗಡಿಯಲ್ಲಿ ವಿಚಾರಿಸಿಕೊಂಡೇ ಬಂದಿದ್ದರು. ಹಾಕಿದರು, ಡಬ್ಬಿ ಸೇರಿಸಲಿಲ್ಲ. ಗುಂಡಿ ಒತ್ತಿದರು, ಡಬ್ಬಿ ಜಪ್ಪಯ್ಯ ಅನ್ನಲಿಲ್ಲ. ಒಳಪುಟಕ್ಕೆ ಕಾರ್ಖಾನೆಯಿಂದ ಬರುವ ಪದಗಳನ್ನೆಲ್ಲ ಹೊಡೆದು ನೋಡಿದರು, ಒಂದೂ ನಡೆಯಲಿಲ್ಲ. ನನ್ನಿಂದ ಒಳಪುಟ ತೆರೆಸಿ, ಅಪ್‌ಡೇಟ್ ತಾರೀಖು ನೋಡಿದರು, ಸೇರಿದವರ ಪಟ್ಟಿ ನೋಡಿದರು. ಎರಡು. ಒಂದೊಂದಕ್ಕೂ ಫಾರ್ಮಿನಲ್ಲಿ ಗುರುತು ಹಾಕುತ್ತಾ ಹೋದರು. ನನ್ನ ಜೀವ ಆ ಪೆನ್ನಿನ ಹಿಂದೆಯೇ ಓಡುತ್ತಿತ್ತು.

ಕೊನೆಗೆ ಫಾರ್ಮನ್ನು ನನ್ನ ಕಡೆ ತಿರುಗಿಸಿದರು. ಕಡೆಯ ಸಾಲಿನಲ್ಲಿ ಒಂದು ಖಾಲಿ ಖಾನೆ. "ಎಲ್ಲ ಸರಿಯಾಗಿದೆ. ಪಾಸ್‌ವರ್ಡ್ ಹೇಳಿ, ಇಲ್ಲಿ ಬರ್ಕೊಂಡು ಹೊರಡ್ತೀನಿ" ಎಂದರು.

ನಿನ್ನ ಕಾಗದ ಅಲ್ಲೇ ಮೇಜಿನ ಮೇಲಿತ್ತು, ಏನು ಕೇಳಿದರೂ ಕೊಡು ಎಂದು. ನಿನ್ನ ಭಾವ ಬಾಗಿಲ ಹತ್ತಿರ ನಿಂತು "ಹೇಳ್ಬಿಡು, ಹೇಳ್ಬಿಡು" ಎಂದು ಕಣ್ಣಲ್ಲೇ ಹೇಳುತ್ತಿದ್ದರು. ಐದು ಪದ ನಾಲಿಗೆಯ ತುದಿಗೆ ಬಂದು ನಿಂತವು.

"ಸಾರ್, ಅದನ್ನ ಹೇಳೋಕಾಗಲ್ಲ" ಎಂದೆ.

ಅವರು ಕನ್ನಡಕ ತೆಗೆದು ನೋಡಿದರು. "ನಾನು ಆಫೀಸಿಂದಾನೇ ಬಂದಿರೋದಮ್ಮ. ನನಗೂ ಹೇಳಲ್ಲ ಅಂದ್ರೆ?"

"ನಿಮಗೆ ನೆಟ್ ಬೇಕಿದ್ರೆ ಲ್ಯಾಪ್‌ಟಾಪ್ ಕೊಡಿ, ಗೆಸ್ಟ್‌ಗೆ ಸೇರಿಸ್ಕೊಡ್ತೀನಿ. ಅದನ್ನೂ ನಾನೇ ಟೈಪ್ ಮಾಡೋದು, ನೀವು ಆ ಕಡೆ ತಿರುಗ್ಬೇಕು. ನಮ್ಮದು ಮಾತ್ರ ಹೇಳಲ್ಲ, ಬರೆಯೋಕೂ ಬಿಡಲ್ಲ."

"ಈ ಖಾನೆ ಖಾಲಿ ಬಿಟ್ಟರೆ ಏನಾಗುತ್ತೆ ಗೊತ್ತಾ? ನಿಮ್ಮ ಕೆಲಸದ ಪ್ರಶ್ನೆ ಇದು."

ಆಗ ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು. "ಗೊತ್ತು ಸಾರ್" ಎಂದೆ, "ಇಪ್ಪತ್ತೆರಡು ವರ್ಷದಿಂದ ಎಷ್ಟು ಜನರ ಕಾಯಿಲೆ ಕಸಾಲೆ ನನ್ನ ಹೊಟ್ಟೇಲಿಟ್ಟುಕೊಂಡಿದೀನಿ. ಈ ಪಾಸ್‌ವರ್ಡು ಅವರ ಮನೆ ಬಾಗಿಲು. ನನ್ನ ಮನೇದಾಗಿದ್ರೆ ಯಾವತ್ತೋ ಕೊಟ್ಟಿರ್ತಿದ್ದೆ, ಕೊಟ್ಟೂ ಇದ್ದೆ, ಅದರಿಂದಲೇ ಇಷ್ಟೆಲ್ಲ ಆಗಿದ್ದು. ನೀವು ಫೇಲ್ ಅಂತ ಬರ್ಕೊಳ್ಳಿ, ಪರವಾಗಿಲ್ಲ. ಹೇಳಲ್ಲ."

ನಿನ್ನ ಭಾವ ಅಲ್ಲೇ ತಲೆಯ ಮೇಲೆ ಕೈ ಹೊತ್ತು ಕೂತರು.

ಅಧಿಕಾರಿ ನಿಧಾನವಾಗಿ ಪೆನ್ನಿಗೆ ಮುಚ್ಚಳ ಹಾಕಿದರು. "ಈಗ ಟೀ ಕೊಡಿ" ಎಂದರು. ಆಮೇಲೆ ಹೇಳಿದರು, "ಆ ಖಾನೆ ಇರೋದೇ ಖಾಲಿ ಬಿಡೋಕೆ. ನಿಮ್ಮ ಹಾಗೆ ಮನೇಲೇ ನಮ್ಮ ಕೆಲಸ ಮಾಡೋರ ಹದಿನೇಳು ಮನೆ ನೋಡಿದೆ. ಹದಿನಾರು ಮನೇಲಿ ಕೇಳಿದ ತಕ್ಷಣ ಹೇಳಿದ್ರು. ಇಬ್ಬರಂತೂ ತಾವೇ ಬರೆದುಕೊಟ್ರು. ನೀವೊಬ್ರೇ ಬಿಟ್ಟಿದ್ದು."

ನಾನು ನಗಬೇಕೋ ಅಳಬೇಕೋ ತಿಳಿಯದೆ ಅಡುಗೆಮನೆಗೆ ಹೋಗಿ ಟೀಗೆ ಸಕ್ಕರೆ ಎರಡೆರಡು ಸಲ ಹಾಕಿದೆ. ಅವರು ಲೋಟ ಖಾಲಿ ಮಾಡಿಯೇ ಎದ್ದರು.

ಮಧ್ಯಾಹ್ನವೇ ರೋಗಿಗಳ ವರದಿ ವಾಪಸ್ ಬಂತು. ಹೆಡ್‌ಫೋನ್ ಹಾಕಿ ಪೆಡಲ್ ಒತ್ತಿದೆ. ಶುರುವಿನಲ್ಲೇ ಎದೆರೋಗದ ಡಾಕ್ಟರ ಕೆಮ್ಮು, ಯಾವಾಗಲೂ ಎರಡು ಸಲ ಕೆಮ್ಮಿಯೇ ಮಾತು ಶುರು ಮಾಡುವವರು. ನಲವತ್ತು ದಿನದಿಂದ ಆ ಕೆಮ್ಮು ಕೇಳಿರಲಿಲ್ಲ. ಅತ್ತುಬಿಟ್ಟೆ ಕಣೋ, ಸಂತೋಷಕ್ಕೆ. ಕಣ್ಣೊರೆಸಿಕೊಂಡು ಮೊದಲಿನಿಂದ ಕೇಳಿ ಟೈಪ್ ಮಾಡಿದೆ, ಒಂದು ತಪ್ಪಿಲ್ಲ.

ಇನ್ನೂ ಮುಗಿದಿಲ್ಲ. ಉಳಿದ ಹದಿನಾರು ಮನೆಗೆ ಹೋಗಿ ನೆಟ್ ಭದ್ರ ಮಾಡಿಕೊಟ್ಟು, ಅವರಿಗೆ ಕಲಿಸಿಕೊಡುವ ಕೆಲಸವನ್ನು ವಿಭಾಗದವರು ನನಗೇ ಕೊಟ್ಟಿದ್ದಾರೆ. ಸುದ್ದಿ ಕೇಳಿ ಟೈಲರಮ್ಮ ಮೇಲೆ ಹತ್ತಿ ಬಂದರು. ಸ್ವಂತ ಸಂಪರ್ಕ ತೆಗೆದುಕೊಳ್ಳುತ್ತಾರಂತೆ, "ನನ್ನ ಡಬ್ಬೀನೂ ನೀವೇ ಭದ್ರ ಮಾಡ್ಕೊಡಿ, ನಿಮ್ಮ ತಮ್ಮ ಬೇಡ" ಎಂದರು. ಮೇಷ್ಟ್ರು ಇವತ್ತು ಮೆಟ್ಟಿಲಲ್ಲಿ ನಿಂತು, "ಬೋರ್ಡ್ ಒರೆಸಿದೀನಮ್ಮ" ಎಂದು ನಕ್ಕರು.

ಇತಿ,
ನಿನ್ನ ಮಾತು ಕೇಳದ ಅಕ್ಕ


ಏಪ್ರಿಲ್ 3

ಅಕ್ಕನಿಗೆ ಏಳು ಜನರ ಏಳು ನಮಸ್ಕಾರ,

ನಿನ್ನ ಕಾಗದವನ್ನು ಊಟದ ಕೋಣೆಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. "ಹೇಳಲ್ಲ" ಎಂಬಲ್ಲಿಗೆ ಬಂದಾಗ ಅಡುಗೆಯವನು ಸೌಟಿನಿಂದ ತಟ್ಟೆ ಬಾರಿಸಿದ. ಗಾಳಿಯ ವೇಗ ಬರೆಯಬೇಕಾದವನು ಬರೆಯುವುದನ್ನೇ ಮರೆತ. ಇನ್ನೊಂದು ಸಲ ಓದು ಎಂದರು, ಓದಿದೆ. ಅಕ್ಕಾ, ನಾನು ಬರೆದ ಸಲಹೆಗಳಲ್ಲಿ ಒಂದಾದರೂ ಸರಿಯಿತ್ತಾ ಎಂದು ಕೂತು ಲೆಕ್ಕ ಹಾಕಿದೆ. ಒಂದೂ ಇರಲಿಲ್ಲ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಸೋತಿಲ್ಲ.

ಮೇ ತಿಂಗಳಲ್ಲಿ ಒಂದು ತಿಂಗಳು ರಜೆ, ನಿಮ್ಮಲ್ಲಿಗೇ ಬರುತ್ತೇನೆ. ನಾನೂ ಒಂದು ಲ್ಯಾಪ್‌ಟಾಪ್ ತರುತ್ತಿದ್ದೇನೆ. ಹೊಸ ಪಾಸ್‌ವರ್ಡ್ ಈ ಸಲದ ಕಾಗದದಲ್ಲೇ ಬರೆದು ಕಳಿಸು, ಬಂದ ತಕ್ಷಣ ಸೇರಿಸಿಕೊಳ್ಳುತ್ತೇನೆ. ನಾನೇ ಜೋಡಿಸಿದ ಡಬ್ಬಿಯಲ್ಲವಾ, ನಿನ್ನ ಸ್ವಂತ ತಮ್ಮನಲ್ಲವಾ, ನನಗಾದರೂ ಹೇಳಬಹುದು.

ತಮ್ಮ


ಏಪ್ರಿಲ್ 8

ಪ್ರೀತಿಯ ತಮ್ಮನಿಗೆ,

ಹದಿನಾರರಲ್ಲಿ ನಾಲ್ಕನೇ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಡಬ್ಬಿ ಅಪ್‌ಡೇಟ್ ತೆಗೆದುಕೊಳ್ಳುತ್ತಿದೆ, ಹತ್ತು ನಿಮಿಷ ಬಿಡುವಿದೆ. ಈ ಮನೆಯವರು ಪಾಸ್‌ವರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ನನ್ನನ್ನು "ಮೇಡಂ" ಎಂದು ಕರೆಯುತ್ತಾರೆ ಕಣೋ! ಮೊದಲ ದಿನ ಯಾರನ್ನು ಕರೆದರು ಎಂದು ಹಿಂದೆ ತಿರುಗಿ ನೋಡಿದೆ, ಈಗ ಅಭ್ಯಾಸವಾಗಿದೆ.

ಮೇ ತಿಂಗಳಲ್ಲಿ ಬಾ. ಒಂದು ತಿಂಗಳಲ್ಲ, ಎರಡು ತಿಂಗಳು ಇರು. ನಿನ್ನ ಹಾಸಿಗೆ ಹಾಸಿಡುತ್ತೇನೆ, ಏನು ಬೇಕೋ ಮಾಡಿ ಹಾಕುತ್ತೇನೆ. ಮನೆಗೆ ಬಂದ ಮೇಲೆ ಲ್ಯಾಪ್‌ಟಾಪ್ ತೆಗೆದು ನನ್ನ ಕೈಗೆ ಕೊಡು, ಗೋಡೆಯ ಕಡೆ ಮುಖ ಮಾಡಿ ನಿಂತುಕೋ. ನಾನೇ ಟೈಪ್ ಮಾಡಿ ಕೊಡುತ್ತೇನೆ, ಅದೂ ಗೆಸ್ಟ್‌ಗೆ.

ಇತಿ,
ಅಕ್ಕ